ಪ್ರೇಮನಾಥರು ಆರಿಸಿದ ಸೆನ್ಸರ್

ಡೊಂಬಿವಲಿ ಈಸ್ಟಿನ ನಮ್ಮ ಸೊಸೈಟಿಯಲ್ಲಿ ಯಾರ ಮನೆಯ ಫ್ಯಾನು ನಿಂತರೂ ಎಲೆಕ್ಟ್ರಿಶಿಯನ್‌ಗಿಂತ ಮೊದಲು ಬರುವವರು ಮೂರನೆಯ ಮಹಡಿಯ ಪ್ರೇಮನಾಥರು. ರಿಪೇರಿಗಲ್ಲ, ಅಭಿಪ್ರಾಯ ಕೊಡುವುದಕ್ಕೆ. ನಿಂತ ಫ್ಯಾನಿನ ಕೆಳಗೆ ಕೈಗಳನ್ನು ಹಿಂದೆ ಕಟ್ಟಿಕೊಂಡು, ಕತ್ತೆತ್ತಿ ಸ್ವಲ್ಪ ಹೊತ್ತು ನೋಡಿ, "ಇದು ತಿರುಗುದಿಲ್ಲ" ಎನ್ನುತ್ತಾರೆ. ಮನೆಯವರು ಹೌದೆನ್ನುತ್ತಾರೆ. "ನಿಮಗೆ ಕಣ್ಣಿಗೆ ಕಾಣ್ತದೆ, ಹಾಗಾಗಿ ಗೊತ್ತಾಯ್ತು. ಕಾಣದ ಕಡೆ ಇದ್ದರೆ? ಆಗ ನಿಮಗೆ ಹೇಳುವವರು ಯಾರು?" ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರವಾಗಿ ಜೇಬಿನಿಂದ ವಿಸಿಟಿಂಗ್ ಕಾರ್ಡ್ ಹೊರಬರುತ್ತದೆ. ಸೊಸೈಟಿಯ ಪ್ರತಿ ಮನೆಯಲ್ಲೂ ಆ ಕಾರ್ಡ್ ಒಂದಾದರೂ ಇದೆ. ನಮ್ಮ ಮನೆಯಲ್ಲಿ ಅಲುಗಾಡುವ ಊಟದ ಮೇಜಿನ ಕಾಲಡಿಗೆ ಎರಡು ಇವೆ.

ಕಾರ್ಡಿನಲ್ಲಿ 'ಸೀನಿಯರ್ ಅಡ್ವೈಸರ್, ರೊಟೇಶನ್' ಎಂದಿದೆ. ಕಂಪನಿ ಕೊಟ್ಟ ಹುದ್ದೆ ಸೇಲ್ಸ್ ಎಂಜಿನಿಯರ್. ಅಡ್ವೈಸರ್ ಆದದ್ದು ಸ್ಟೇಶನ್ ರೋಡಿನ ಪ್ರಿಂಟಿಂಗ್ ಅಂಗಡಿಯಲ್ಲಿ. ಕಂಪನಿ ಇರುವುದು ಠಾಣೆಯ ವಾಗಳೆ ಎಸ್ಟೇಟಿನಲ್ಲಿ. ಕಾರ್ಖಾನೆಯ ಯಂತ್ರಗಳು ತಿರುಗುತ್ತಿವೆಯೋ, ನಿಧಾನವಾದವೋ, ನಿಂತೇಬಿಟ್ಟವೋ ಎಂದು ಪತ್ತೆಹಚ್ಚುವ ಸೆನ್ಸರ್‌ಗಳನ್ನು ಅದು ಮಾರುತ್ತದೆ. ಹೆಬ್ಬೆರಳಿನ ಗಾತ್ರದ, ಹಿಂದೆ ಬಾಲದಂತೆ ವೈರು ಇಳಿಬಿಟ್ಟ ಸಾಮಾನು. ಕೆಲವು ಬೆಳಕು ಬಿಟ್ಟು ನೋಡುತ್ತವೆ, ಕೆಲವು ಕಬ್ಬಿಣ ಹತ್ತಿರ ಬಂದರೆ ಗುರುತಿಸುತ್ತವೆ, ಕೆಲವಕ್ಕೆ ಅಯಸ್ಕಾಂತ ಬೇಕು. ಯಾವ ಯಂತ್ರಕ್ಕೆ ಯಾವುದು ಎಂದು ಆರಿಸಿಕೊಡುವುದು ಪ್ರೇಮನಾಥರ ಕೆಲಸ.

"ಮಗಳಿಗೆ ಗಂಡು ಹುಡುಕುದಕ್ಕಿಂತ ಇದು ಕಷ್ಟ," ಎಂದು ಲೋಕಲ್ ಟ್ರೈನಿನಲ್ಲಿ ಒಮ್ಮೆ ನನಗೆ ಹೇಳಿದ್ದರು. "ಗಂಡು ಸರಿ ಇಲ್ಲದಿದ್ರೆ ಒಂದು ಮನೆ ಹಾಳು. ಸೆನ್ಸರ್ ಸರಿ ಇಲ್ಲದಿದ್ರೆ ಇಡೀ ಶಿಫ್ಟ್ ಹಾಳು."

ಪಕ್ಕದಲ್ಲಿ ನೇತಾಡುತ್ತಿದ್ದ ಗುಜರಾತಿ ಗೃಹಸ್ಥನೊಬ್ಬನಿಗೂ ಅಂದು ಒಂದು ಕಾರ್ಡ್ ಸಿಕ್ಕಿತು.

ಅವರ ಕಸುಬಿನ ತತ್ತ್ವ ನಮಗೆಲ್ಲ ಬಾಯಿಪಾಠ. ಒಮ್ಮೆ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಬರಬೇಕಿದ್ದ ಅತಿಥಿಗಳು ಕಲ್ಯಾಣದಲ್ಲಿ ಗಾಡಿ ನಿಂತು ಸಿಕ್ಕಿಬಿದ್ದರು. ಅವರು ಬರುವವರೆಗೆ ಸಭೆಯನ್ನು ಹಿಡಿದಿಡಲು ಪ್ರೇಮನಾಥರ ಕೈಗೆ ಮೈಕು ಕೊಟ್ಟೆವು. ಕಮಿಟಿಯಲ್ಲಿ ನಾನೂ ಇದ್ದೆ; ಸಂಘದ ಗಂಭೀರ ನಿರ್ಣಯಗಳೆಲ್ಲ ಹೀಗೆಯೇ ಆಗುವುದು.

"ಮಹನೀಯರೇ," ಎಂದು ಅವರು ಆರಂಭಿಸಿದರು. "ಮೋಟಾರು ತಿರುಗುತ್ತಿದೆ ಎಂದ ಮಾತ್ರಕ್ಕೆ ಯಂತ್ರ ನಡೆಯುತ್ತಿದೆ ಎಂದು ತಿಳಿಯಬೇಡಿ. ಬೆಲ್ಟು ಹರಿದುಬಿದ್ದರೂ ಮೋಟಾರು ತಿರುಗುತ್ತಲೇ ಇರುತ್ತದೆ. ಅದಕ್ಕೇನು, ಕರೆಂಟು ಸಿಕ್ಕಿದರೆ ಸಾಕು! ಆದ್ದರಿಂದ ಮೋಟಾರನ್ನು ಕೇಳಬೇಡಿ. ಕೊನೆಯ ರಾಟೆಯನ್ನು ಕೇಳಿ!"

ಸಭೆ ಇದನ್ನು ವೇದಾಂತವೆಂದು ಭಾವಿಸಿ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನ ಹಿರಿಯರೊಬ್ಬರು ಕಣ್ಣೊರೆಸಿಕೊಂಡರು. ಪ್ರೇಮನಾಥರು ಮಾತಾಡಿದ್ದು ಬೆಲ್ಟಿನ ಬಗ್ಗೆ, ಬರೀ ಬೆಲ್ಟಿನ ಬಗ್ಗೆ.

ಆ ಹೊತ್ತಿಗೆ ಅವರ ಹೆಂಡತಿ ಪುಷ್ಪಾವತಿ ನೆರೂಳಕ್ಕೆ ಹೋಗಿ ಕೆಲವು ತಿಂಗಳಾಗಿತ್ತು. ಮಗಳು ಮಾನಸಿಯ ಹೆರಿಗೆಗೆಂದು ಹೋದವರು. ಮಾನಸಿ, ಅಳಿಯ ರಂಜನ್ ಇಬ್ಬರೂ ಆಫೀಸಿಗೆ ಹೋಗುವವರು. ಬಾಣಂತನ ಮುಗಿಯುವವರೆಗೆ ಎಂದಿದ್ದದ್ದು ಮಗುವಿಗೆ ಹಲ್ಲು ಬರುವವರೆಗೆ ಎಂದಾಯಿತು. ಹಲ್ಲು ಬಂದ ಮೇಲೆ ನಡೆಯುವವರೆಗೆ ಎಂದಾಯಿತು. ಈಗ ಮಗು ಓಡುತ್ತದೆ. ಹಿಡಿಯಲು ಒಬ್ಬರು ಬೇಕು. ಯಾರೂ ಜಗಳವಾಡಲಿಲ್ಲ, ಯಾರೂ ಯಾರನ್ನೂ ಬಿಟ್ಟುಹೋಗಲಿಲ್ಲ. ಪ್ರೇಮನಾಥರ ಆಫೀಸು ಠಾಣೆಯಲ್ಲಿ, ಮನೆ ಡೊಂಬಿವಲಿಯಲ್ಲಿ, ನೆರೂಳದ ಫ್ಲ್ಯಾಟಿನಲ್ಲಿ ಇರುವುದು ಎರಡೇ ಕೋಣೆ. ಅಷ್ಟೇ ವಿಷಯ.

ದಿನಾ ಸಂಜೆ ಪುಷ್ಪಾವತಿಯ ಫೋನು ಬರುತ್ತದೆ. "ಒಣಸ್ ಆಂಡಾ?" ಊಟವಾಯಿತೇ ಎಂದು ಕೇಳಲು ಅವರ ಮನೆಮಾತು ತುಳುವಿನಲ್ಲಿ ಇಷ್ಟು ಸಾಕು. "ಆಂಡ್," ಎನ್ನುತ್ತಾರೆ ಇವರು. ಅನ್ನಕ್ಕಿಡದ ದಿನವೂ ಆಂಡ್. ಅಷ್ಟರಲ್ಲಿ ಆ ಕಡೆ ಮಗು ಏನನ್ನೋ ಬೀಳಿಸುತ್ತದೆ, ಫೋನು ಮುಗಿಯುತ್ತದೆ.

ಭಾನುವಾರ ನೆರೂಳಕ್ಕೆ ಹೋಗುತ್ತಾರೆ. ಅಲ್ಲಿ ಅವರಿಗೆ ಸೋಫಾದ ಒಂದು ಮೂಲೆ. ಮಗಳು, "ಪಪ್ಪಾ, ಫ್ಯಾನ್ ಜೋರು ಮಾಡ್ಲಾ?" ಎಂದು ಕೇಳುತ್ತಾಳೆ. ಪ್ರೇಮನಾಥರು ಕತ್ತೆತ್ತಿ ನೋಡುತ್ತಾರೆ. ಫ್ಯಾನು ಚೆನ್ನಾಗಿ ತಿರುಗುತ್ತಿರುತ್ತದೆ. ವಾಷಿಂಗ್ ಮಷೀನು, ಮಿಕ್ಸಿ, ಮಗುವಿನ ಆಟದ ಕಾರಿನ ಚಕ್ರ, ಆ ಮನೆಯಲ್ಲಿ ಎಲ್ಲವೂ ತಿರುಗುತ್ತಿರುತ್ತವೆ. ಸಲಹೆ ಬೇಕಾದ್ದು ಒಂದೂ ಇಲ್ಲ. ಟಿವಿಗೆ ಅಡ್ಡ ಬಂದರೆ ಮೊಮ್ಮಗಳು, "ಅಜ್ಜಾ, ಹಟೋ ನಾ" ಎನ್ನುತ್ತಾಳೆ. ಅವರು ಹಟುತ್ತಾರೆ, ಅಂದರೆ ಪಕ್ಕಕ್ಕೆ ಸರಿಯುತ್ತಾರೆ.

ಪ್ರೇಮನಾಥರು ಅಡ್ಡವಾಗದ ಜಾಗವೊಂದು ಅದೇ ರೈಲು ಮಾರ್ಗದಲ್ಲಿತ್ತು. ನೆರೂಳಕ್ಕಿಂತ ಎಷ್ಟೋ ಮೊದಲೇ ಬರುವ ರಬಾಳೆ.

ರಬಾಳೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ದನಗಳ ಮೇವು ತಯಾರಿಸುವ ಒಂದು ಮಿಲ್ಲು. ಅಲ್ಲೊಂದು ಎಲಿವೇಟರ್. ಹಾಗೆಂದರೆ ನಾವು ಹತ್ತಿಳಿಯುವ ಲಿಫ್ಟಲ್ಲ. ಮೇಲೊಂದು ರಾಟೆ, ಕೆಳಗೊಂದು ರಾಟೆ, ನಡುವೆ ಮೂರು ಮಹಡಿ ಎತ್ತರದ ಬೆಲ್ಟು, ಬೆಲ್ಟಿನುದ್ದಕ್ಕೂ ಕಬ್ಬಿಣದ ಬಟ್ಟಲುಗಳು. ಅವು ಕೆಳಗೆ ತೌಡು, ಹಿಂಡಿ ತುಂಬಿಕೊಂಡು ಹೋಗಿ ಮೇಲೆ ಸುರಿಯುತ್ತವೆ. ಮೋಟಾರು ಇರುವುದು ಮೇಲೆ. ಕೆಳಗೆ ಸರಕು ಸಿಕ್ಕಿಕೊಂಡು ಬೆಲ್ಟು ನಿಂತರೆ, ಮೇಲಿನ ರಾಟೆ ಅದಕ್ಕೆ ತನ್ನನ್ನು ಉಜ್ಜಿಕೊಂಡು ತಿರುಗುತ್ತಲೇ ಇರುತ್ತದೆ. ಉಜ್ಜಿದರೆ ಬಿಸಿ. ಆ ಒಣ ಧೂಳಿನಲ್ಲಿ ಬಿಸಿಯೆಂದರೆ ಬೆಂಕಿ. ಅದಕ್ಕಾಗಿಯೇ ಕೆಳಗಿನ ರಾಟೆಯ ಹತ್ತಿರ ಒಂದು ಸೆನ್ಸರ್ ಬೇಕು. ರಾಟೆ ನಿಧಾನವಾಯಿತೆಂದರೆ ಅದು ಮೋಟಾರನ್ನು ನಿಲ್ಲಿಸಬೇಕು.

ಇಂಥ ಕಡೆ ಕಬ್ಬಿಣವನ್ನು ಗುರುತಿಸುವ ಸೆನ್ಸರ್ ಹಾಕಬೇಕೆಂದು ಆ ಕಸುಬಿಗೆ ನಿನ್ನೆ ಬಂದವನೂ ಹೇಳುತ್ತಾನೆ. ರಾಟೆಯ ಮೇಲಿನ ಬೋಲ್ಟು ಎದುರಿಗೆ ಬಂದಾಗಲೆಲ್ಲ ಅದಕ್ಕೆ ತಿಳಿಯುತ್ತದೆ. ಧೂಳು ಅದಕ್ಕೆ ಲೆಕ್ಕಕ್ಕಿಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಎಲ್ಲರೂ ಹೇಳುವುದನ್ನೇ ಹೇಳಲು ಸೀನಿಯರ್ ಅಡ್ವೈಸರ್ ಯಾಕೆ ಬೇಕು? ಬೆಲ್ಟು ಬಿಗಿ ಮಾಡುವಾಗ ಕೆಳಗಿನ ರಾಟೆ ಬೇರಿಂಗಿನ ಸಮೇತ ಮೇಲೆ ಕೆಳಗೆ ಸರಿಯುತ್ತದೆ, ಕಬ್ಬಿಣದ ಸೆನ್ಸರ್ ತೀರಾ ಹತ್ತಿರ ಇರಬೇಕು, ಅಂತರ ತಪ್ಪಿದರೆ ಕೆಲಸ ಕೆಟ್ಟಿತು ಎಂದು ಪ್ರೇಮನಾಥರು ಮಿಲ್ಲಿನವರಿಗೆ ಉಪನ್ಯಾಸ ಕೊಟ್ಟರು. ಕೊಟ್ಟು, ಬೆಳಕಿನ ಸೆನ್ಸರನ್ನು ಆರಿಸಿದರು. ಅದು ದೂರದಿಂದ ಬೆಳಕು ಬಿಡುತ್ತದೆ, ರಾಟೆಗೆ ಅಂಟಿಸಿದ ಹೊಳೆಯುವ ಸ್ಟಿಕರು ಅದನ್ನು ಹಿಂದಕ್ಕೆ ಕಳಿಸುತ್ತದೆ. ಕೇಳಲು ಬಹಳ ಚೆಂದ. ಆದರೆ ತೌಡಿನ ಧೂಳು ಒಂದು ವಾರ ಕೂತರೆ ಸೆನ್ಸರಿನ ಕಣ್ಣಿಗೆ ಪೊರೆ. ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ರಾಟೆ ನಿಂತಿದೆಯೆಂದು ತಿಳಿದು ಮೋಟಾರನ್ನು ಪದೇ ಪದೇ ನಿಲ್ಲಿಸುತ್ತದೆ; ಮತ್ತೆ ಮತ್ತೆ ಚಾಲೂ ಮಾಡಬೇಕು.

ಹಾಗಾದಾಗ ಫೋನು ಮಾಡುತ್ತಿದ್ದವನು ಬಾಲಪ್ಪ. ಕಲಬುರಗಿಯ ಅಫಜಲಪುರದ ಕಡೆಯವನು, ಮಿಲ್ಲಿನಲ್ಲಿ ಫಿಟ್ಟರ್, ದಿಘಾದ ಚಾಳಿನಲ್ಲಿ ಹೆಂಡತಿ ಸತ್ಯಮ್ಮನ ಜೊತೆ ವಾಸ.

"ಸಾಹೇಬ್ರ, ನಿಮ್ಮ ಕಣ್ಣು ಮತ್ತ ಮುಚ್ಯದ ನೋಡ್ರಿ."

"ಅದನ್ನು ಮುಟ್ಟಬೇಡ ಬಾಲಪ್ಪಾ. ನಾನು ಬರುವವರೆಗೆ ಯಾರೂ ಮುಟ್ಟುದು ಬೇಡ. ನಾಳೆ ಬರ್ತೇನೆ."

ಶುಕ್ರವಾರ ಫೋನು, ಶನಿವಾರ ಪ್ರೇಮನಾಥರು. ಶನಿವಾರ ಅವರ ಆಫೀಸಿಗೆ ರಜೆ. ಡೊಂಬಿವಲಿಯಿಂದ ಠಾಣೆ, ಠಾಣೆಯಲ್ಲಿ ಗಾಡಿ ಬದಲಿಸಿ ರಬಾಳೆ. ಗೇಟಿನಲ್ಲಿ ವಾಚ್‌ಮನ್, "ಕಾಮ್?" ಎಂದು, ಬಂದ ಕೆಲಸವೇನೆಂದು ಕೇಳುತ್ತಿದ್ದ. "ಸೆನ್ಸರ್," ಎಂದು ಇವರು ಹೇಳುವ ಗತ್ತಿಗೆ ಗೇಟು ತಾನಾಗಿ ತೆರೆಯುತ್ತಿತ್ತು. ಮಧ್ಯಾಹ್ನದ ಊಟಕ್ಕೆ ಯಂತ್ರಗಳೆಲ್ಲ ನಿಂತಾಗ ಎಲಿವೇಟರಿನ ಬುಡದಲ್ಲಿ ಮಂಡಿಯೂರಿ, ಬ್ಯಾಗಿನಿಂದ ಒಗೆದು ಮಡಿಸಿದ ಬಿಳಿ ಬಟ್ಟೆ ತೆಗೆದು ಸೆನ್ಸರಿನ ಕಣ್ಣನ್ನು ಒರೆಸುತ್ತಿದ್ದರು. ಟಾರ್ಚು ಬಿಟ್ಟು ನೋಡಿ, ಮತ್ತೊಮ್ಮೆ ಒರೆಸುತ್ತಿದ್ದರು.

"ಒಂದ್ ಮಾತ ಕೇಳ್ತೀನ್ರಿ ಸಾಹೇಬ್ರ, ಸಿಟ್ಟಾಗಬ್ಯಾಡ್ರಿ," ಎಂದ ಬಾಲಪ್ಪ ಒಮ್ಮೆ. "ಇದನ್ನ ಒರಸ್ಲಾಕ ಎಂಜಿನಿಯರೇ ಬೇಕೇನ್ರಿ?"

"ಒರೆಸುದಲ್ಲ ಮಾರಾಯ ಇದು. ಕ್ಯಾಲಿಬ್ರೇಶನ್."

"ನಮ್ಮ ಸತ್ಯಮ್ಮನೂ ದಿನಾ ಮುಂಜಾನಿ ಟಿವಿ ಮ್ಯಾಲ ಕ್ಯಾಲಿಬ್ರೇಶನ್ ಮಾಡ್ತಾಳ್ರಿ, ಸೆರಗಿಲೆ."

"ನಗಬೇಡ. ಕೈ ಒಂಚೂರು ಜಾರಿದ್ರೆ ಅಲೈನ್‌ಮೆಂಟ್ ಹೋಯ್ತು. ಮತ್ತೆ ನನ್ನ ಹತ್ರ ಹೇಳಬೇಡ."

ಆಮೇಲೆ ಇಬ್ಬರೂ ಚೀಲಗಳ ಅಟ್ಟಿಯ ಮೇಲೆ ಕೂರುತ್ತಿದ್ದರು. ಸತ್ಯಮ್ಮ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯಲ್ಲಿ ಪ್ರೇಮನಾಥರಿಗೂ ಪಾಲು. ಖಾರಕ್ಕೆ ಅವರ ಕಣ್ಣಲ್ಲಿ ನೀರು ಬಂದರೆ ಬಾಲಪ್ಪನಿಗೆ ಖುಷಿ. "ಸಮುದ್ರದಾಗಿನ ಮೀನೆಲ್ಲ ತಿಂತೀರಿ, ಒಂದ್ ಮೆಣಸಿನಕಾಯಿಗಿ ಅಳ್ತೀರಲ್ರೀ!" ಪ್ರೇಮನಾಥರು ಬಾಲಪ್ಪನಿಗೆ ಬೇರಿಂಗಿನಿಂದ ಹಿಡಿದು ಬ್ಲಡ್ ಪ್ರೆಶರ್‌ವರೆಗೆ ಎಲ್ಲದಕ್ಕೂ ಸಲಹೆ ಕೊಡುತ್ತಿದ್ದರು. ಬಾಲಪ್ಪ ಎಲ್ಲದಕ್ಕೂ, "ಖರೇ ಅದ್ರೀ" ಎನ್ನುತ್ತಿದ್ದ. ಯಾವುದನ್ನೂ ಪಾಲಿಸುತ್ತಿರಲಿಲ್ಲ. ಒಬ್ಬ ಸಲಹೆಗಾರನಿಗೆ ಇದಕ್ಕಿಂತ ಒಳ್ಳೆಯ ಗಿರಾಕಿ ಸಿಗುವುದಿಲ್ಲ. ಮಿಲ್ಲಿನ ಮಾಲೀಕರದ್ದೂ ಆಕ್ಷೇಪಣೆಯಿರಲಿಲ್ಲ. ಬಿಟ್ಟಿ ಸೇವೆಗೆ ಆಕ್ಷೇಪಣೆ ಎತ್ತುವ ಮಾಲೀಕ ನವಿ ಮುಂಬಯಿಯಲ್ಲಿ ಇನ್ನೂ ಹುಟ್ಟಬೇಕು.

ಇನ್ನು, ಪ್ರೇಮನಾಥರಿಗೆ ಎಷ್ಟೇ ಜಂಬವಿದ್ದರೂ ಕಸುಬಿನಲ್ಲಿ ಅವರು ದಡ್ಡರಲ್ಲ. ತಾವು ಆರಿಸಿದ್ದು ತಪ್ಪು ಎಂದು ಕೆಲವೇ ವಾರಗಳಲ್ಲಿ ಅವರಿಗೆ ಗೊತ್ತಾಗಿತ್ತು. ಪರಿಹಾರವೂ ಹೊಳೆದಿತ್ತು. ಕಬ್ಬಿಣದ ಸೆನ್ಸರನ್ನು ನೆಲಕ್ಕೆ ನಿಲ್ಲಿಸುವ ಬದಲು ಸರಿಯುವ ಬೇರಿಂಗಿನ ಮೇಲೆಯೇ ಕೂರಿಸಿಬಿಟ್ಟರೆ, ರಾಟೆ ಎತ್ತ ಸರಿದರೂ ಸೆನ್ಸರು ಅದರ ಜೊತೆಗೇ ಸರಿಯುತ್ತದೆ. ಅಂತರ ಕದಲುವುದಿಲ್ಲ. ಡೊಂಬಿವಲಿಯ ವರ್ಕ್‌ಶಾಪೊಂದರಲ್ಲಿ ಅದಕ್ಕೆ ತಕ್ಕ ಬ್ರಾಕೆಟ್ಟನ್ನೂ ಮಾಡಿಸಿದರು. ಬ್ರಾಕೆಟ್ಟು, ಸೆನ್ಸರು ಎರಡನ್ನೂ ಮರಾಠಿ ಪೇಪರಿನಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟುಕೊಂಡರು.

ಆ ಶನಿವಾರ ಬ್ಯಾಗು ರಬಾಳೆಗೆ ಹೋಯಿತು. ರೊಟ್ಟಿ ತಿಂದಾಯಿತು, ಬಾಲಪ್ಪ ಹರಟಿದ, ಊಟದ ಹೊತ್ತು ಮುಗಿಯಿತು. 'ಮುಂದಿನ ವಾರ ನೋಡುವ' ಎಂದುಕೊಂಡು ಪ್ರೇಮನಾಥರು ಬ್ಯಾಗನ್ನು ವಾಪಸು ತಂದರು. ಮುಂದಿನ ವಾರವೂ ತಂದರು. ಆ ಸೆನ್ಸರು ಒಮ್ಮೆ ಕೂತರೆ ವರ್ಷಗಟ್ಟಲೆ ಯಾರ ಮುಖವನ್ನೂ ಬೇಡುವುದಿಲ್ಲ. ಆಮೇಲೆ ಶುಕ್ರವಾರ ಫೋನು ಯಾಕೆ ಬರುತ್ತದೆ? ಸುತ್ತಿದ ಪೇಪರು ಹರಿದಾಗ ಹೊಸ ಪೇಪರು ಸುತ್ತಿದರು. ಇವೆಲ್ಲ ಅವರೇ ಎಷ್ಟೋ ದಿನಗಳ ಮೇಲೆ ನನ್ನ ಹತ್ತಿರ ಹೇಳಿದ್ದು. ಹೇಳುವಾಗ ಕಿಟಕಿಯಾಚೆ ನೋಡುತ್ತಿದ್ದರು.

ದೀಪಾವಳಿ ಕಳೆದ ಮೇಲೆ ಒಂದು ಶುಕ್ರವಾರ ಫೋನು ಬರಲಿಲ್ಲ.

ಮರುದಿನ ಬೆಳಿಗ್ಗೆ ಪ್ರೇಮನಾಥರು ಇಸ್ತ್ರಿ ಅಂಗಿ, ಪಾಲಿಶ್ ಮಾಡಿದ ಬೂಟು ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದರು. "ನನ್ನ ನಂಬರಿಗೆ ಒಮ್ಮೆ ರಿಂಗ್ ಮಾಡಿ ನೋಡಿ, ಮಾರಾಯ್ರೆ," ಎಂದರು. ಮಾಡಿದೆ. ಅವರ ಜೇಬಿನಲ್ಲಿ ಫೋನು ಜೋರಾಗಿ ಹಾಡಿತು. "ಬರ್ತದೆ," ಎಂದರು. ಸರಿಯಿರುವ ಫೋನನ್ನು ಅಷ್ಟು ಬೇಸರದಿಂದ ನೋಡಿದವರನ್ನು ನಾನು ಬೇರೆ ಕಂಡಿಲ್ಲ. ಆ ದಿನ ಸೊಸೈಟಿಯ ನೀರಿನ ಪಂಪಿನ ಎದುರು ಬಹಳ ಹೊತ್ತು ನಿಂತಿದ್ದರು. ಪಂಪು ತಿರುಗುತ್ತಿತ್ತು.

ಮುಂದಿನ ಶುಕ್ರವಾರವೂ ಫೋನಿಲ್ಲ. ಸಂಜೆಯ ಹೊತ್ತಿಗೆ ಅವರೇ ಮಾಡಿದರು.

"ಎಂತ ಬಾಲಪ್ಪಾ, ತಿರುಗುತ್ತದಾ?"

"ತಿರಗಲತದ್ರೀ ಸಾಹೇಬ್ರ. ಪ್ಯಾನೆಲ್ಲಿನ ಮ್ಯಾಲ ಹಸರ ಲೈಟ್ ಅದ."

"ಕಣ್ಣು ಮುಚ್ಚಲಿಲ್ಲವಾ?"

"ಇಲ್ರೀ. ನೀವ್ ಆರಾಮ ಇರ್ರಿ. ಏನೂ ಚಿಂತಿ ಮಾಡಬ್ಯಾಡ್ರಿ."

ಫೋನಿಟ್ಟ ಮೇಲೆ ಪ್ರೇಮನಾಥರಿಗೆ ಮೊದಲು ಅವಮಾನವಾಯಿತು. ಆರಾಮ ಇರಿ ಎಂದು ಯಾರಾದರೂ ಸೀನಿಯರ್ ಅಡ್ವೈಸರಿಗೆ ಹೇಳುತ್ತಾರೆಯೇ! ಸ್ವಲ್ಪ ಹೊತ್ತಿನ ಮೇಲೆ ಭಯವಾಯಿತು. ತೌಡಿನ ಧೂಳಿನಲ್ಲಿ ಆ ಸೆನ್ಸರು ಎರಡು ವಾರ ಕಣ್ಣು ಬಿಟ್ಟುಕೊಂಡಿರಲು ಸಾಧ್ಯವೇ ಇಲ್ಲ. ಹಸಿರು ದೀಪ ಉರಿಯುತ್ತಿದೆ ಎಂದರೆ ಬೇರೇನೋ ಆಗಿದೆ. ತಾವು ಈಗ ಕೇಳಿದ್ದು ಮೋಟಾರನ್ನು, ಕೊನೆಯ ರಾಟೆಯನ್ನಲ್ಲ.

ಶನಿವಾರ ಯಾರೂ ಕರೆಯದೆ, ಊಟದ ಹೊತ್ತಿಗಿಂತ ಎಷ್ಟೋ ಮೊದಲೇ ರಬಾಳೆ ತಲುಪಿದರು. ಗೇಟಿನಲ್ಲಿ, "ಸೆನ್ಸರ್," ಎಂದು ಒಳಗೆ ನುಗ್ಗಿದರು. ಎಲಿವೇಟರ್ ಓಡುತ್ತಿತ್ತು. ಪ್ಯಾನೆಲ್ಲಿನ ಮೇಲೆ ಹಸಿರು ದೀಪ. ಸೆನ್ಸರಿನ ಕಣ್ಣಿನ ಮೇಲೆ ಹೆಬ್ಬೆರಳು ದಪ್ಪ ತೌಡು. ಮೂಗಿಗೆ ಸುಟ್ಟ ರಬ್ಬರಿನ ವಾಸನೆ ಬಂತು.

ಬಗ್ಗಿ ನೋಡಿದರೆ ಕೆಳಗಿನ ರಾಟೆ ಒಮ್ಮೆ ತಿರುಗಿ, ಒಮ್ಮೆ ನಿಂತು, ಮತ್ತೆ ಅರ್ಧ ತಿರುಗುತ್ತಿತ್ತು. ಮೇಲೆ ಮೋಟಾರು ಮಾತ್ರ ನಿಶ್ಚಿಂತೆಯಿಂದ ಗುಂಯ್‌ಗುಡುತ್ತಿತ್ತು. ಮೂರನೆಯ ಮಹಡಿಯಲ್ಲಿ, ಆ ಧೂಳಿನ ನಡುವೆ, ಚೀಲ ಹೊರುವವರು ಓಡಾಡುತ್ತಿದ್ದರು. ಪ್ರೇಮನಾಥರು ಓಡಿಹೋಗಿ ಕೆಂಪು ಬಟನ್ನನ್ನು ಅಂಗೈಯಿಂದ ಗುದ್ದಿದರು. ಅವರು ಓಡಿದ್ದನ್ನು ಆ ಮಿಲ್ಲಿನಲ್ಲಿ ಅದುವರೆಗೆ ಯಾರೂ ನೋಡಿರಲಿಲ್ಲ. ಅಂದು ನೋಡಿದವರು ಅಪಘಾತವೇ ಆಯಿತೆಂದುಕೊಂಡರು.

ಮೇಲಿನಿಂದ ಬಾಲಪ್ಪ ದಡದಡನೆ ಇಳಿದು ಬಂದ. "ಯಾಕ್ರೀ ಸಾಹೇಬ್ರ, ಏನಾತ್ರೀ?"

"ಮೇಲಿನ ರಾಟೆ ಮುಟ್ಟಿ ನೋಡು, ಹೋಗು."

ಬಾಲಪ್ಪ ಮತ್ತೆ ಹತ್ತಿದ. ಮುಟ್ಟಿದ ಕೈಯನ್ನು ಝಾಡಿಸುತ್ತಾ ಇಳಿದ. ಅಷ್ಟರಲ್ಲಿ ಪ್ರೇಮನಾಥರು ಪ್ಯಾನೆಲ್ಲಿನ ಬಾಗಿಲು ತೆರೆದಿದ್ದರು. ಒಳಗೆ ಗೇಣುದ್ದದ ಒಂದು ವೈರು. ಸೆನ್ಸರು ಏನು ಹೇಳಿದರೂ ಮೋಟಾರಿಗೆ ಕೇಳದ ಹಾಗೆ ಯಾರೋ ಆ ವೈರನ್ನು ಅಡ್ಡ ಕಟ್ಟಿದ್ದರು.

"ಯಾರು ಹಾಕಿದ್ದು ಇದನ್ನು?"

"ನಾನಽ ರೀ."

"ನಿನಗೆ ತಲೆ ಸರಿ ಉಂಟಾ ಮಾರಾಯಾ? ಮೇಲೆ ಜನ ಇದ್ದಾರೆ! ಬೆಂಕಿ ಹಿಡಿದಿದ್ರೆ? ನೀನೇ ಅಲ್ಲಿ ಇದ್ದೆಯಲ್ಲ!"

ಬಾಲಪ್ಪ ತಲೆ ತಗ್ಗಿಸಿದ. "ಸತ್ಯಮ್ಮ ಬೈದಳ್ರೀ. 'ಪಾಪ, ವಯಸ್ಸಾದ ಮನಷ್ಯಾ, ಮೊಳಕಾಲ ಹಿಡಕೊಂಡು ವಾರಾ ವಾರಾ ಬರ್ತಾರ. ಅವರಿಗೂ ಮನಿ, ಹೆಂಡ್ರು ಮಕ್ಕಳು ಇಲ್ಲೇನು? ರಜಾ ದಿನ ಒಂದಾದ್ರೂ ಮನ್ಯಾಗ ಆರಾಮ ಇರಲಿ, ನೀ ಯಾಕ ಫೋನ್ ಮಾಡಿ ಜೀವಾ ತಿಂತಿ?' ಅಂದ್ಳು. ನನಗೂ ಖರೇ ಅನಿಸ್ತು. ನಿಮಗ ತ್ರಾಸ ಕೊಡೂದು ಬ್ಯಾಡಂತ ಹಾಕ್ದೆ. ದಿನಾ ನಾನಽ ಬಗ್ಗಿ ಬಗ್ಗಿ ನೋಡ್ತಿದ್ದೆ. ಇವತ್ತ ಮ್ಯಾಲ ಕೆಲಸ ಬಂತ್ರೀ."

"ಅದರ ಬದಲು ಒರೆಸಬಹುದಿತ್ತಲ್ಲ, ಒಂದು ಬಟ್ಟೆ ತಗೊಂಡು!"

"ನೀವಽ ಅಂದಿದ್ರಲ್ರೀ," ಎಂದ ಬಾಲಪ್ಪ ಮೆಲ್ಲಗೆ. "ಮುಟ್ಟಬ್ಯಾಡ, ಕ್ಯಾಲಿಬ್ರೇಶನ್ ಹೋಗ್ತದಂತ."

ಪ್ರೇಮನಾಥರು ವೈರನ್ನು ಕಿತ್ತು ಜೇಬಿಗೆ ಹಾಕಿಕೊಂಡರು. ಎಲಿವೇಟರಿನ ಬುಡದಲ್ಲಿ ಮಂಡಿಯೂರಿ ಬ್ಯಾಗು ತೆರೆದರು. ಬಿಳಿ ಬಟ್ಟೆಯನ್ನು ಪಕ್ಕಕ್ಕೆ ಸರಿಸಿ ಪೇಪರಿನ ಗಂಟನ್ನು ತೆಗೆದರು.

"ಸ್ಪಾನರ್ ಕೊಡು."

ಬಿಚ್ಚಿ ಎಸೆದ ಪೇಪರಿನಲ್ಲಿ ಗಣಪತಿಯ ಚಿತ್ರ, ಸೀರೆ ಅಂಗಡಿಯ ಜಾಹೀರಾತು. ಆ ವರ್ಷದ ಗಣಪತಿಯನ್ನು ಮುಳುಗಿಸಿ ತಿಂಗಳುಗಳೇ ಆಗಿದ್ದವು. ಬಾಲಪ್ಪ ಪೇಪರನ್ನು ಎತ್ತಿಕೊಂಡು ನೋಡಿದ. ಬ್ರಾಕೆಟ್ಟಿನ ಅಂಚಿನಲ್ಲಿ ಹಿಡಿದಿದ್ದ ತುಕ್ಕನ್ನು ನೋಡಿದ. ಅದರ ತೂತುಗಳು ಬೇರಿಂಗಿನ ತೂತುಗಳಿಗೆ ಅಳತೆ ತೆಗೆದಂತೆ ಸರಿಯಾಗಿ ಕೂತದ್ದನ್ನೂ ನೋಡಿದ. ಪೇಪರನ್ನು ಮಡಿಸಿ ಸ್ಪಾನರಿನ ಡಬ್ಬಿಯೊಳಗೆ ಇಟ್ಟ.

ಬುಡದಲ್ಲಿ ಸಿಕ್ಕಿಕೊಂಡಿದ್ದ ಹಿಂಡಿಯನ್ನು ಬಾಲಪ್ಪ ಕೆದಕಿ ತೆಗೆದ. ಹೊಸ ಸೆನ್ಸರ್ ಕೂರಿಸಲು ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಇಷ್ಟು ಬೇಗ ಮುಗಿಯುವ ಕೆಲಸವೆಂದು ಪ್ರೇಮನಾಥರಿಗೆ ಮೊದಲಿನಿಂದಲೂ ಗೊತ್ತಿತ್ತು. ಆದರೂ ಮುಗಿದ ಮೇಲೆ ಇನ್ನೊಂದು ಬೋಲ್ಟಿದೆಯೇ ಎಂದು ಸುತ್ತ ನೋಡಿದರು. ಬಾಲಪ್ಪ ಪರೀಕ್ಷೆಗೆಂದೇ ಮುದ್ದಾಮ್ ಒಂದು ಹಿಡಿ ತೌಡನ್ನು ಸೆನ್ಸರಿನ ಮೇಲೆ ಎರಚಿದ. ಯಂತ್ರ ನಿಲ್ಲಲಿಲ್ಲ. ರಾಟೆಯನ್ನು ನಿಧಾನ ಮಾಡಿದರೆ ಕೂಡಲೇ ನಿಂತಿತು.

"ಭಾಳ ಚಲೋ ಅದ್ರೀ ಇದು," ಎಂದ ಬಾಲಪ್ಪ.

"ಹೌದು," ಎಂದರು ಪ್ರೇಮನಾಥರು. "ಇದೇ ಸರಿಯಾದ್ದು."

ಅಲ್ಲಿಂದ ಶುಕ್ರವಾರಗಳು ನಿಶ್ಶಬ್ದವಾದವು. ಒಮ್ಮೆ ಅವರೇ ಫೋನು ಮಾಡಿ, "ತಿರುಗುತ್ತದಾ?" ಎಂದು ಕೇಳಿದರು. "ತಿರಗಲತದ್ರೀ," ಎಂದ ಬಾಲಪ್ಪ. ಈ ಸಲ ಅನುಮಾನಕ್ಕೆ ಜಾಗವಿರಲಿಲ್ಲ. "ಸುಮ್ನ ಬರ್ರಿ ಸಾಹೇಬ್ರ ಒಂದಿನ, ಚಾ ಕುಡೀಲಾಕ," ಎಂದೂ ಅಂದ.

"ನೋಡುವ. ಸ್ವಲ್ಪ ಬಿಝಿ ಉಂಟು."

ಬಿಝಿ ಹೌದು. ಆ ಶನಿವಾರ ಅವರು ಸೊಸೈಟಿಯ ನೋಟೀಸ್ ಬೋರ್ಡಿನಲ್ಲಿ ಓರೆಯಾಗಿದ್ದ ಕಾಗದಗಳನ್ನೆಲ್ಲ ನೆಟ್ಟಗೆ ಮಾಡಿದರು. ಲಿಫ್ಟಿನಲ್ಲಿ ಮೇಲೆ ಹೋಗಿ ಕೆಳಗೆ ಬಂದು, ಅದರ ಮೋಟಾರಿನ ಸದ್ದಿನ ಬಗ್ಗೆ ನನಗೆ ಒಂದು ಅಭಿಪ್ರಾಯ ಕೊಟ್ಟರು. ಸುಮ್ಮನೆ ಬನ್ನಿ ಎಂದರೆ ಸುಮ್ಮನೆ ಹೋಗುವುದು ಹೇಗೆಂದು ಅವರಿಗೆ ತಿಳಿಯದು. ಜೀವಮಾನವಿಡೀ ಒಂದು ಕೆಲಸ ಹಿಡಿದುಕೊಂಡೇ ಪರರ ಬಾಗಿಲಿಗೆ ಹೋದವರು. ಸ್ವಂತ ಮಗಳ ಮನೆಗೂ ಮೀನಿನ ಚೀಲ ಹಿಡಿದುಕೊಂಡೇ ಹೋಗುತ್ತಾರೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಶನಿವಾರ ಬೆಳಿಗ್ಗೆ ಬ್ಯಾಗು ಹಿಡಿದು ಹೊರಟರು. ಮೆಟ್ಟಿಲಲ್ಲಿ ನಾನು ಸಿಕ್ಕಾಗ, "ನೆರೂಳಕ್ಕೆ. ಒಂದು ದಿನ ಮೊದಲೇ ಹೋಗುವ ಅಂತ," ಎಂದರು. ಬ್ಯಾಗಿನಲ್ಲಿ ಬಿಳಿ ಬಟ್ಟೆ, ಟಾರ್ಚು. ಠಾಣೆಯಲ್ಲಿ ಗಾಡಿ ಬದಲಿಸಿ ಕಿಟಕಿಯ ಪಕ್ಕ ಕೂತರು. ದಿಘಾ ಬಂತು, ಐರೋಲಿ ಬಂತು. ರಬಾಳೆ ಬಂದಾಗ ಕಾಲುಗಳು ಇಳಿದುಬಿಟ್ಟವು.

ಗೇಟಿನಲ್ಲಿ ವಾಚ್‌ಮನ್ ಕೇಳಿದ, "ಕಾಮ್?"

ಪ್ರೇಮನಾಥರು ಬಾಯಿ ತೆರೆದರು. 'ಸೆನ್ಸರ್' ಎಂಬ ಒಂದೇ ಶಬ್ದ ಸಾಕಿತ್ತು.

"ಕಾಮ್ ಕುಛ್ ನಹೀ," ಎಂದರು. "ಬಾಲಪ್ಪ ಸೇ ಮಿಲನಾ ಹೈ." ಕೆಲಸವೇನೂ ಇಲ್ಲ, ಬಾಲಪ್ಪನನ್ನು ನೋಡಬೇಕು, ಅಷ್ಟೇ.

"ಬಿನಾ ಕಾಮ್ ಕೇ ಅಂದರ್ ನಹೀ ಛೋಡತೇ, ಸಾಬ್. ಲಂಚ್ ಮೇ ಬಾಹರ್ ಆಯೇಗಾ." ಕೆಲಸವಿಲ್ಲದವರನ್ನು ಒಳಗೆ ಬಿಡುವಂತಿಲ್ಲ, ಊಟದ ಹೊತ್ತಿಗೆ ಬಾಲಪ್ಪನೇ ಹೊರಗೆ ಬರುತ್ತಾನೆ.

ಅವರು ಕಾರ್ಡ್ ತೆಗೆದು ಕೊಟ್ಟರು. ವಾಚ್‌ಮನ್ ಮರ್ಯಾದೆಯಿಂದ ತೆಗೆದುಕೊಂಡು, ಡ್ರಾವರಿನಿಂದ ಅಂಥದೇ ಮೂರ್ನಾಲ್ಕು ಕಾರ್ಡುಗಳನ್ನು ತೆಗೆದು, ಇದನ್ನೂ ಅವುಗಳ ಜೊತೆ ಸೇರಿಸಿ, ರಬ್ಬರ್ ಬ್ಯಾಂಡ್ ಹಾಕಿ ಒಳಗಿಟ್ಟ. ಹಿಂದಿನಿಂದ ಲಾರಿಯೊಂದು ಹಾರ್ನು ಹೊಡೆಯಿತು. ಪ್ರೇಮನಾಥರು ಹಟಿದರು.

ಗೇಟಿನ ಎದುರಿಗೆ ಚಹಾದ ಗೂಡಂಗಡಿ, ಅಲ್ಲಿಯವರ ಮಾತಿನಲ್ಲಿ ಟಪರಿ. ಊಟದ ಸೈರನ್ ಆಗುವವರೆಗೆ ಅದರ ಬೆಂಚಿನಲ್ಲಿ ಕೂತರು. ಬಾಲಪ್ಪ ಹೊರಬಂದವನು ಕೈಯೆತ್ತಿ ಕೂಗಿದ, "ಯವ್ವಾ, ಸಾಹೇಬ್ರ! ಒಳಗ ಬರೂದಿಲ್ಲೇನ್ರಿ?"

"ಬಿಡಲಿಲ್ಲ."

"ನಿಮ್ಮನ್ನ?" ಬಾಲಪ್ಪ ನಕ್ಕ. ಮತ್ತೆ ನಗು ನಿಲ್ಲಿಸಿದ. ಎರಡು ಚಹಾ ಹೇಳಿದ. ರೊಟ್ಟಿಯ ಡಬ್ಬಿ ಒಳಗೇ ಉಳಿದಿತ್ತು.

ಇಬ್ಬರೂ ಪಕ್ಕ ಪಕ್ಕ ಕೂತರು. ನಡುವೆ ಒಂದು ಯಂತ್ರ ಇದ್ದಾಗ ಆ ಇಬ್ಬರಿಗೆ ಅಷ್ಟು ಮಾತು ಎಲ್ಲಿಂದ ಬರುತ್ತಿತ್ತೋ. ರಸ್ತೆಬದಿಯ ಬೆಂಚಿನಲ್ಲಿ ಒಂದೂ ಹುಟ್ಟಲಿಲ್ಲ.

"ಬೆಲ್ಟ್?" ಎಂದರು ಪ್ರೇಮನಾಥರು.

"ಚಲೋ ಅದ್ರೀ."

"ಧೂಳು ಕೂತಿದೆಯಾ?"

"ಕುಂತದ್ರೀ, ರಗಡ ಕುಂತದ. ಅದಕೇನೂ ಆಗಿಲ್ಲ."

"ಆಗುದಿಲ್ಲ."

ಚಹಾ ಅರ್ಧ ಮುಗಿಯಿತು. ಬಾಲಪ್ಪ ಗೇಟಿನ ಕಡೆ ನೋಡಿ, ದನಿ ತಗ್ಗಿಸಿದ. "ಸಾಹೇಬ್ರ, ನಾ ಒಂದ್ ಹೇಳ್ಲೇನ್ರಿ? ಮುಂದಿನ ವಾರ ಬಂದಾಗ 'ಸೆನ್ಸರ್ ಕೆಟ್ಟದ' ಅನ್ರಿ. ಅಂವ ಒಳಗ ಫೋನ್ ಮಾಡಿದ್ರ ನಾನೂ ಹೂಂ ಅಂತೀನಿ. ಬಿಡ್ತಾನ. ರೊಟ್ಟಿ ತಿನ್ನೂಣು."

ಪ್ರೇಮನಾಥರು ಗ್ಲಾಸನ್ನು ಬೆಂಚಿನ ಮೇಲಿಟ್ಟರು. ಆಸೆಯಾಗಲಿಲ್ಲವೆಂದಲ್ಲ.

"ಅದು ಕೆಡುವುದಿಲ್ಲ ಬಾಲಪ್ಪಾ," ಎಂದರು. "ಆರಿಸಿದ್ದು ನಾನು."

ಬಾಲಪ್ಪ ಅವರ ಮುಖ ನೋಡಿದ. "ಖರೇ ಅದ್ರೀ," ಎಂದ. ಉಳಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದ. ಸತ್ಯಮ್ಮ ಕೇಳ್ತಿರ್ತಾಳ, ಒಂದ್ ಸಲ ಮನಿಗಿ ಬರ್ರಿ ಎಂದ. ನೋಡುವ ಎಂದರು ಇವರು. ಅಷ್ಟರಲ್ಲಿ ಸೈರನ್ ಕೂಗಿತು. ಬಾಲಪ್ಪ ಎದ್ದು, ರಸ್ತೆ ದಾಟಿ, ಗೇಟಿನೊಳಗೆ ಹೋದ.

ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಎಲಿವೇಟರ್ ಶುರುವಾದ ಸದ್ದು ಬಂತು. ಪ್ರೇಮನಾಥರು ಬೆಂಚಿನಿಂದ ಎದ್ದರು. ಕೈಗಳನ್ನು ಹಿಂದೆ ಕಟ್ಟಿಕೊಂಡು, ಕತ್ತೆತ್ತಿ, ಕಾಣದ ಆ ರಾಟೆಯ ಕಡೆಗೆ ಕಿವಿಗೊಟ್ಟು ನಿಂತರು.

"ತಿರುಗ್ತಾ ಉಂಟು," ಎಂದರು.

ಟಪರಿಯವನು ಗ್ಲಾಸು ತೊಳೆಯುವುದನ್ನು ನಿಲ್ಲಿಸಿ, ಯಾರಿಗೆ ಹೇಳಿದ್ದೆಂದು ಸುತ್ತ ನೋಡಿದ. ಬೆಂಚು ಖಾಲಿಯಿತ್ತು.